ಅಕ್ಕೋರ ಮಡಿಲಲ್ಲಿದ್ದ ಮಣ್ಣಿನ ಹೆಂಟೆ

ಹೊಲಿಗೆ ಮಶೀನಿನ ಕಟ್ಟಿಗೆಯ ಮುಚ್ಚಳವನ್ನು ಅಂಗಾತ ಮಡಿಲಲ್ಲಿಟ್ಟುಕೊಂಡು, ಅದರೊಳಗಿನ ಮಣ್ಣಿನ ಹೆಂಟೆಯ ಮೇಲೆ ಎಡಗೈ ಊರಿಕೊಂಡು ಅಕ್ಕೋರು ನನ್ನ ಕಾರಿನಲ್ಲಿ ಕೂತಿದ್ದರು. ಬೆರಳುಗಳ ಸಂದಿನಲ್ಲಿ ಬಿಳಿ ಮಣ್ಣು ಮೆತ್ತಿತ್ತು. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ಬೆರಳುಗಳು. ಅವು ಬೆಳ್ಳಗಿರುವುದು ನನಗೇನೂ ಹೊಸದಲ್ಲ.

ನಾನು ಗಾಡಿ ಹೊಡೆಯುತ್ತಿದ್ದೆ, ಅಂದರೆ ಹೆದರುತ್ತಿದ್ದೆ. ಟಾಯರ್ ಪಂಕ್ಚರ್ ಆಗಬಹುದು. ರೋಡಿನ ಉಬ್ಬಿಗೆ ಗಾಡಿ ಎಗರಿ ಹೆಂಟೆ ಒಡೆಯಬಹುದು. ಬಸವನಬಾಗೇವಾಡಿಯ ಕಚೇರಿಯಲ್ಲಿ ಸಾಹೇಬರು ಇರಲಿಕ್ಕಿಲ್ಲ. ಇದ್ದರೆ ಇನ್ನೂ ಕೆಟ್ಟದು, ಸಿಟ್ಟಿಗೇಳಬಹುದು. ಸರಕಾರದ ವರದಿಯನ್ನು ಪ್ರಶ್ನಿಸಿದ್ದಕ್ಕೆ ಅಕ್ಕೋರ ಪೆನ್ಶನ್ನಿಗೆ ಕೈ ಹಾಕಬಹುದು. ಅವರನ್ನು ಕರೆತಂದದ್ದಕ್ಕೆ ಇಂಡಿಯಲ್ಲಿರುವ ನನ್ನ ಕನ್ನಡಕದ ಅಂಗಡಿಗೆ ಕೈ ಹಾಕಬಹುದು. ಊರವರು ಬೆನ್ನು ಹತ್ತಿ ಬಂದು ಕಚೇರಿಯ ಮುಂದೆ ಜಗಳ ತೆಗೆಯಬಹುದು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು ಸಿಂದಗಿ, ಮುದ್ದೇಬಿಹಾಳದ ತನಕ ಹಂಚಬಹುದು. ತಂಗಿಯ ವಿಷಯ ಹೇಳುವಾಗ ಅಕ್ಕೋರು ಅಳಬಹುದು. ಅಳದಿದ್ದರೆ ‘ಈಕೆಗೆ ದುಃಖವೇ ಇಲ್ಲ’ ಅಂದಾರು. ಭೂಮಿಯೇ ಇನ್ನೊಮ್ಮೆ ನಡುಗಬಹುದು, ಅದೂ ನಾವು ಸೇತುವೆಯ ಮೇಲಿರುವಾಗ.

“ಏನ್ ಕಾಳಜಿ ಸಾಹೇಬ್ರ, ಎಷ್ಟಾದ್ವು?” ಅಕ್ಕೋರು ರೋಡಿನ ಮೇಲಿನ ಕಣ್ಣು ಕೀಳದೆ ಕೇಳಿದರು.

“ಏನ್ರಿ?”

“ಆಗಬಾರದ್ದು. ಎಣಸಾಕತ್ತೀಯಲ್ಲ.”

“ಭಾಳ ಆಗ್ಯಾವ್ರಿ.”

“ಭಾಳ ಆದ್ರ ಛಲೋ. ಒಂದ ಉಳದಾಗ ಹೆದರಬೇಕು.”

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಅನ್ನುತ್ತೇವೆ. ಎಷ್ಟೋ ಅಕ್ಕೋರು ನನಗೆ ಕಲಿಸಿದ್ದಾರೆ, ಕೆಲವರು ಹೊಡೆದೂ ಇದ್ದಾರೆ. ಆದರೆ ಬರೇ ಅಕ್ಕೋರು ಅಂದರೆ ನನ್ನ ಮಟ್ಟಿಗೆ ಇವರೊಬ್ಬರೇ. ಬಸವನಬಾಗೇವಾಡಿ ತಾಲೂಕಿನ ನಮ್ಮ ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದವರು. ಹುಟ್ಟಿದ್ದು ಹಳೆಯ ಕೊಲ್ಹಾರದಲ್ಲಿ. ಆ ಊರು ಮುಂದೆ ಕೃಷ್ಣೆಯ ಹಿನ್ನೀರಿಗೆ ಹೋಯಿತು. ಹೊಸಬರು “ನಿಮ್ಮೂರು ಎಲ್ಲಿ ಬರತೈತ್ರಿ” ಎಂದು ಕೇಳಿದರೆ “ನೀರಾಗ ಐತಿ” ಅನ್ನುತ್ತಿದ್ದರು, ಬಸ್ ಸ್ಟ್ಯಾಂಡಿನ ಹಿಂದೆ ಐತಿ ಅಂದಷ್ಟು ಸಲೀಸಾಗಿ.

ತಾವು ಮದುವೆಯಾಗಲಿಲ್ಲ. ತಂಗಿಗೆ ಮಾಡಿದರು. ಆಕೆಯ ಗಂಡ ಬೇಗ ತೀರಿಕೊಂಡ. ಆಕೆ ಮರಳಿ ಅಕ್ಕನ ಮನೆಗೆ ಬಂದು ಹೊಲಿಗೆ ಮಶೀನು ಹಾಕಿಕೊಂಡಳು. ನಮ್ಮ ಶಾಲೆಯ ಚಡ್ಡಿ, ಲಂಗ ಎಲ್ಲ ಆಕೆಯ ಕೈಯವು. “ಅಕ್ಕ ಹುಡುಗ್ರ ತಲಿ ತುಂಬತಾಳ, ಉಳಿದದ್ದು ನಾ ಮುಚ್ಚತೇನಿ” ಎಂದು ನಗುತ್ತಿದ್ದಳು. ಅಕ್ಕೋರು ನಗುತ್ತಿದ್ದುದು ಕಡಿಮೆ. ಆದರೆ ಆ ಮಾತಿಗೆ ಪ್ರತಿ ಸಲ, ಹೊಸದಾಗಿ ಕೇಳಿದವರ ಹಾಗೆ ನಗುತ್ತಿದ್ದರು. ತಮಗಿಂತ ಸಣ್ಣ ಹೆಂಗಸರನ್ನೆಲ್ಲ, ಬುಟ್ಟಿ ಮಾರುವವಳಿಂದ ಹಿಡಿದು ಬ್ಯಾಂಕಿನ ಹುಡುಗಿಯ ತನಕ, ‘ತಂಗಿ’ ಎಂದೇ ಕರೆಯುವುದು ಅವರ ರೂಢಿ. “ನಿಂಗ ತಂಗ್ಯಾರು ಭಾಳ ಆದ್ರು, ನಾ ಯಾರ ಹಂಗಾರ?” ಎಂದು ಖರೇ ತಂಗಿ ಮುನಿಸು ತೋರಿಸುತ್ತಿದ್ದಳು.

ನಮ್ಮ ಪ್ರಯೋಗಾಲಯ ಅಂದರೆ ಒಂದು ಕಪಾಟು. ಒಳಗೆ ಗಾಜಿನ ಸಾಮಾನಿಗಿಂತ ಜೇಡರ ಬಲೆ ಹೆಚ್ಚಿತ್ತು. ಆದರೂ ಅಕ್ಕೋರಲ್ಲಿ ಒಂದು ಕಟ್ಟುನಿಟ್ಟಿತ್ತು: ಪ್ರಯೋಗದ ವಹಿಯಲ್ಲಿ ನೋಡಿದ್ದನ್ನು ಶಾಯಿಯಲ್ಲಿ ಬರೆಯಬೇಕು, ನಿರ್ಣಯವನ್ನು ಪೆನ್ಸಿಲ್ಲಿನಲ್ಲಿ. “ಕಣ್ಣಿಲೆ ನೋಡಿದ್ದು ಶಾಯಿಲೆ. ತಲ್ಯಾಗ ತಿಳದದ್ದು ಪೆನ್ಸಿಲ್ಲಿಲೆ. ನಾಳಿಗೆ ತಲಿ ಸುಧಾರಸಬಹುದು, ಕಣ್ಣು ಸುಧಾರಸೂದಿಲ್ಲ.” ಕನ್ನಡಕ ಮಾರಿ ಹೊಟ್ಟೆ ಹೊರೆಯುವವನಾಗಿ ಆ ಕೊನೆಯ ಮಾತನ್ನು ನಾನು ಒಪ್ಪಲಾರೆ. ಉಳಿದದ್ದನ್ನು ಒಪ್ಪುತ್ತೇನೆ.

ನಾನಂತೂ ಎರಡನ್ನೂ ಪೆನ್ಸಿಲ್ಲಿನಲ್ಲೇ ಬರೆಯುತ್ತಿದ್ದೆ. ಸುಣ್ಣದ ತಿಳಿನೀರು ಬೆಳ್ಳಗಾದದ್ದು ಕಣ್ಣೆದುರೇ ಕಂಡಿದ್ದರೂ, ನಾಳೆ ಯಾರಾದರೂ ‘ಬೆಳ್ಳಗಾಗಿರಲಿಲ್ಲ’ ಅಂದರೆ? ವಹಿ ನೋಡಿದ ಅಕ್ಕೋರು, “ನೋಡಿದ್ದಕ್ಕೂ ಹೆದರ್ತೀಯಲ್ಲೋ ಕಾಳಜಿ ಸಾಹೇಬ” ಅಂದರು. ಹೆಸರು ಅಂದು ಅಂಟಿಕೊಂಡದ್ದು ಇಂದಿಗೂ ಬಿಟ್ಟಿಲ್ಲ. ಬೇರೆಯವರು ಮರೆತರೂ ನನ್ನ ಹೆಂಡತಿ ಮರೆಯಲು ಬಿಡುವುದಿಲ್ಲ.

ಒಮ್ಮೆ ತಪಾಸಣೆಗೆ ಬಂದ ಸಾಹೇಬರು ನಮ್ಮ ವಹಿಗಳನ್ನು ತಿರುವಿ ಹಾಕಿ ಹುಬ್ಬು ಗಂಟಿಕ್ಕಿದರು.

“ಇದೇನ್ರಿ ಬಾಯಾರ, ನಿರ್ಣಯ ಎಲ್ಲಾ ಪೆನ್ಸಿಲ್ಲು? ಅಳಸಿ ಅಳಸಿ ಬರಿಯೂ ಚಟ ಹತ್ತತೈತಿ ಹುಡುಗ್ರಿಗೆ.”

“ಅದನ್ನ ಹತ್ತಸಾಕತ್ತೇನ್ರಿ,” ಅಂದರು ಅಕ್ಕೋರು.

ಆ ವರ್ಷದ ತಪಾಸಣೆಯ ಶೆರಾದಲ್ಲಿ ಅವರ ಬಗ್ಗೆ ಬರಬೇಕಿದ್ದ ಒಂದು ಒಳ್ಳೆಯ ಮಾತು ಬರಲಿಲ್ಲ. ಅವರು ಅದನ್ನು ಕಾಯ್ದಂತೆಯೂ ಕಾಣಲಿಲ್ಲ.

ನಮ್ಮ ಸೀಮೆಯಲ್ಲಿ ಭೂಮಿ ಆಗಾಗ ಸಣ್ಣಗೆ ನಡುಗುತ್ತದೆ. ಒಳಗಿಂದ ಗುಡುಗಿದಂತಾಗುತ್ತದೆ, ಭಾಂಡೆ ಪಾತ್ರೆಗಳು ಸಪ್ಪಳ ಮಾಡುತ್ತವೆ, ಜನ ಹೊರಗೆ ಬಂದು ಒಬ್ಬರ ಮುಖ ಒಬ್ಬರು ನೋಡಿ ಮತ್ತೆ ಒಳಗೆ ಹೋಗುತ್ತಾರೆ. ಒಳಗೆ ಅಂದರೆ ಕಲ್ಲಿನ ಗೋಡೆ, ಮಣ್ಣು ಹಾಸಿದ ಚಾವಣಿಯ, ನಮ್ಮ ಕಡೆಯ ಮಾತಿನಲ್ಲಿ ಮಾಳಿಗೆಯ, ಕೆಳಗೆ. ತೊಲೆ, ಅದರ ಮೇಲೆ ಹಲಗೆ, ಅದರ ಮೇಲೆ ಬೇವಿನ ತಪ್ಪಲು, ಅದರ ಮೇಲೆ ಮಣ್ಣು. ಮಳೆಗಾಲಕ್ಕೆ ಮುಂಚೆ, ಸೋರಬಾರದೆಂದು ಬೆಳ್ಳನೆಯ ಸವಳು ಮಣ್ಣನ್ನು ಹೊಸದಾಗಿ ಹಾಸಿ ತುಳಿಯುವುದು ವರ್ಷ ವರ್ಷದ ಕೆಲಸ. ಹಾಕುವ ಪದ್ಧತಿ ಇದೆ, ಹಳೆಯದನ್ನು ತೆಗೆಯುವ ಪದ್ಧತಿ ಇಲ್ಲ. ಅಜ್ಜ ಹಾಕಿದ್ದು ಅಲ್ಲೇ ಇರುತ್ತದೆ, ಅಪ್ಪ ಹಾಕಿದ್ದು ಅದರ ಮೇಲೆ, ನಾವು ಹಾಕಿದ್ದು ಅದರ ಮೇಲೆ. ಬೇಸಿಗೆಯಲ್ಲಿ ತಂಪು ಎಂದು ಅದರ ಕೆಳಗೆ ಮಲಗಿ ಸುಖಪಡುತ್ತೇವೆ.

ಅಕ್ಕೋರು ನಿವೃತ್ತರಾದ ಮೇಲೆ ಒಂದು ವರ್ಷ ಮಳೆ ಬಿಡದೆ ಹಿಡಿಯಿತು. ಒಂದು ಬೆಳಿಗ್ಗೆ ಭೂಮಿ ನಡುಗಿತು, ಎಂದಿಗಿಂತ ತುಸು ಜೋರಾಗಿ. ಮಧ್ಯಾಹ್ನ ಅಕ್ಕೋರ ಓಣಿಯ ಮಾಳಿಗೆಗಳು ಒಂದರ ಹಿಂದೊಂದು ಕುಸಿದವು. ಕೆಲವರು ಸತ್ತರು. ಅಕ್ಕೋರು ಪೋಸ್ಟಾಫೀಸಿಗೆ ಹೋಗಿದ್ದರು. ತಂಗಿ ಮಶೀನಿನ ಮುಂದೆ ಕೂತಿದ್ದಳು.

ಇನ್ನೊಂದು ಸಂಗತಿ ಇದೆ. ಅದಕ್ಕೂ ಹಿಂದಿನ ಮಳೆಗಾಲದಲ್ಲಿ ಆ ಮೂಲೆ ಸೋರಿತ್ತು. “ಅಕ್ಕಾ, ಮಶೀನಿನ ಮ್ಯಾಲನ ಸೋರತೈತಿ, ಮಂದಿ ಅರಿಬಿ ಹಾಳಾಗ್ತಾವ” ಎಂದು ತಂಗಿ ಹೇಳಿದ್ದಳು. ಅಕ್ಕೋರು ಬೇಸಿಗೆಯಲ್ಲಿ ಆಳು ಹಚ್ಚಿ, ಆ ಮೂಲೆಗೆ ಉಳಿದ ಕಡೆಗಿಂತ ಒಂದು ಪದರು ಹೆಚ್ಚಿಗೇ ಮಣ್ಣು ಹಾಕಿಸಿದ್ದರು. ಬಿದ್ದದ್ದು ಆ ಮೂಲೆ.

ಆ ದಿನದ ನಂತರ ಅಕ್ಕೋರು ಯಾರನ್ನೂ ‘ತಂಗಿ’ ಎಂದು ಕರೆದದ್ದನ್ನು ನಾನು ಕೇಳಲಿಲ್ಲ. ಎಲ್ಲರಿಗೂ ‘ಯವ್ವಾ’ ಅನ್ನತೊಡಗಿದರು.

ಒಂದು ಸಮಿತಿ ಬಂತು. ಅಷ್ಟರಲ್ಲಿ ಬಿದ್ದದ್ದನ್ನೆಲ್ಲ ಜೆಸಿಬಿ ಬಳಿದು ಹಳ್ಳದ ದಂಡೆಗೆ ಒಯ್ದು ಸಮ ಮಾಡಿತ್ತು. ಸಮಿತಿ ನಿಂತ ಗೋಡೆಗಳನ್ನು ನೋಡಿತು, ಜನರನ್ನು ಮಾತಾಡಿಸಿತು, ಹೋಯಿತು. ಮುಂದೆ ವರದಿ ಬಂತು: ಭೂಕಂಪನವೇ ಕಾರಣ, ನೈಸರ್ಗಿಕ ವಿಕೋಪ. ಮೇಲುಹೊದಿಕೆಯ ಮೇಲೆ ದೊಡ್ಡದಾಗಿ ‘ಅಂತಿಮ ವರದಿ’ ಎಂದಿತ್ತು. ಮನೆ ಬಿದ್ದವರಿಗೆ ಸರಕಾರ ಹೊಸ ಮನೆ ಕಟ್ಟಿಸಿಕೊಡುವುದೆಂದು ಆಯಿತು. ಗೋಡೆ ಬಿರುಕು ಬಿಟ್ಟವರಿಗೆ ಆಮೇಲೆ. ನಮ್ಮ ಅಣ್ಣ ಊರಲ್ಲೇ ಇರುವವನು, ಈ ಎರಡನೆಯ ಸಾಲಿನವನು.

ಅಕ್ಕೋರು ವರದಿಯ ಪ್ರತಿ ಹಿಡಿದು ಇಂಡಿಗೆ, ನನ್ನ ಅಂಗಡಿಗೆ ಬಂದರು. ಸಣ್ಣ ಅಕ್ಷರ ಕಾಣುವುದಿಲ್ಲ, ನಂಬರು ಏರಿಸು ಅಂದರು. ಹೊಸ ಗಾಜು ಹಾಕಿ ಕೊಟ್ಟೆ. ಅಲ್ಲೇ ಸ್ಟೂಲಿನ ಮೇಲೆ ಕೂತು ಮೊದಲಿಂದ ಕೊನೆಯ ತನಕ ಓದಿದರು.

“ಒಂದು ರೀತಿ ಒಳ್ಳೇದ ಆತಲ್ರಿ ಅಕ್ಕೋರ,” ನಾನು ಸಮಾಧಾನಕ್ಕೆಂದು ಅಂದೆ. “ಯಾರ ತಪ್ಪೂ ಅಲ್ಲ ಅಂತ ಸರಕಾರನ ಹೇಳೇತಿ.”

“ಅದಕ್ಕ ಹೆದರಿಕಿ ತಮ್ಮಾ. ಈ ವರದಿ ಖರೇ ಇರಲಿ ಅಂತ ನನ್ನಷ್ಟು ಬಯಸಾಕಿ ಈ ಜಿಲ್ಲಾದಾಗ ಇನ್ನೊಬ್ಬಾಕಿ ಇಲ್ಲ. ಬೇಕಾದ ಉತ್ತರ ಕೈಗೆ ಬಂದಾಗ ಎರಡ ಸಲ ನೋಡಬೇಕು ಅಂತ ನಿಮಗ ನಾನ ಕಲಿಸೇನಿ.”

“ಹಂಗಾರ ಸುಳ್ಳಂತೀರೇನ್ರಿ?”

“ಸುಳ್ಳ ಅಂದೆನೇನು? ಗೊತ್ತಿಲ್ಲ ಅಂದೆ. ಭೂಮಿನೂ ನಡಗೇತಿ, ಮಳಿನೂ ಹತ್ತೇತಿ, ಮಣ್ಣೂ ಇತ್ತು. ಯಾವುದರದು ಎಷ್ಟು ಅಂತ ಯಾರೂ ಅಳದಿಲ್ಲ. ಬರೇ ಭೂಮಿ ನಡಗಿ ಬಿದ್ದಿದ್ರ ನಮ್ಮ ಕೈಯಾಗೇನೂ ಇಲ್ಲ. ಮಣ್ಣಿನ ಭಾರಕ್ಕ ಬಿದ್ದಿದ್ರ, ಇನ್ನೊಂದ ಮಳಿಗೆ ಇನ್ನೊಂದ ಓಣಿ ಬೀಳತೈತಿ. ನಿಮ್ಮ ಅಣ್ಣನ ತಲಿ ಮ್ಯಾಲೂ ಅದ ಐತಿ.”

ಅಲ್ಲಿಯ ತನಕ ನನ್ನ ಕಾಳಜಿಗಳಿಗೆ ನೆಲೆ ಇರಲಿಲ್ಲ, ಗಾಳಿಯಲ್ಲಿದ್ದವು. ಅಂದು ಅವುಗಳಿಗೆ ಒಂದು ಮಾಳಿಗೆ ಸಿಕ್ಕಿತು.

ಅಣ್ಣನಿಗೆ ಫೋನು ಮಾಡಿದೆ. ಅವನು ನನಗಿಂತ ಮೊದಲೇ ಮಾತು ತೆಗೆದ.

“ನಿಮ್ಮ ಅಕ್ಕೋರಿಗೆ ಒಂದೀಟ ಬುದ್ಧಿ ಹೇಳಪಾ. ಊರಾಗೆಲ್ಲಾ ಮಣ್ಣು ಮಣ್ಣು ಅಂತ ಅಡ್ಡ್ಯಾಡಾಕತ್ತಾರ. ಮಣ್ಣು ಅಂದ್ರ ಏನರ್ಥ? ನಾವ ನಮ್ಮ ಮಂದಿನ್ನ ಕೊಂದ್ವಿ ಅಂತ ಅರ್ಥ. ಬರೂ ಮನಿನೂ ಬರೂದಿಲ್ಲ. ಸತ್ತಾರು ಸತ್ರು, ಇದ್ದಾರ ಬಾಯಾಗ ಯಾಕ ಮಣ್ಣ ಹಾಕ್ತಾರ?”

“ಅಣ್ಣಾ, ಮಾಳಿಗಿ ಒಂದೀಟ ಹಗರ ಮಾಡಸಬಾರದೇನು?”

“ಸೋರಿದ್ರ ಇಂಡಿಯಿಂದ ಬಂದು ನೀ ಬೋಗಾಣಿ ಹಿಡೀತೀಯೇನು?”

ಆ ಬೇಸಿಗೆಯಲ್ಲಿ ಊರವರೆಲ್ಲ, ಅಣ್ಣನೂ ಸೇರಿ, ಎಂದಿನಂತೆ ಮಾಳಿಗೆಗೆ ಮಣ್ಣು ಹಾಕಿದರು. ಹಾಕದಿರಲು ಕಾರಣವೇನಿತ್ತು? ತಪ್ಪು ಭೂಮಿಯದು ಎಂದು ಬರೆದಾಗಿತ್ತು.

ಓಣಿಯ ಮಂದಿ ಅಕ್ಕೋರ ಜೊತೆ ಮಾತು ಕಡಿಮೆ ಮಾಡಿದರು. ಅವರು ಬಾಡಿಗೆಗೆ ಹಿಡಿದಿದ್ದ ಖೋಲಿಯ ಎದುರಿಗೇ, ಅದೇ ಮಧ್ಯಾಹ್ನ ಮಗನನ್ನು ಕಳಕೊಂಡ ಹೆಂಗಸೊಬ್ಬಳು ಇದ್ದಳು. ಆಕೆ ಅಕ್ಕೋರು ಹೊರಗೆ ಬಂದರೆ ಕದ ಮುಚ್ಚುತ್ತಿದ್ದಳು. ನನಗೆ ಸಿಟ್ಟು ಬಂತು. ಅಕ್ಕೋರಿಗೆ ಬರಲಿಲ್ಲ.

“ಆಕಿ ಮನಿ ಮಾಳಿಗಿಗೆ ಆಕಿನ ನಿಂತು ಮಣ್ಣ ಹಾಕಿಸಿದ್ಲು, ನನ್ನಂಗ. ಆಕಿಗೆ ಭೂಕಂಪ ಬೇಕಾಗೇತಿ ತಮ್ಮಾ. ನನಗೂ ಬೇಕಾಗೇತಿ.”

ಜೆಸಿಬಿ ಬರುವ ಮೊದಲೇ ಅಕ್ಕೋರು ತಮ್ಮ ಮನೆಯ ಮೂಲೆಯಿಂದ ಆ ಹೆಂಟೆಯನ್ನು ಅಡುಗೆಮನೆಯ ಚಾಕುವಿನಿಂದ ಕೊಯ್ದು ತೆಗೆದಿಟ್ಟಿದ್ದರು. ಅಷ್ಟೇ ಉಳಿದದ್ದು. ತಂಗಿಯ ಮಶೀನು ಜಜ್ಜಿಹೋಗಿತ್ತು, ಮುಚ್ಚಳ ಮಾತ್ರ ಕಪಾಟಿನ ಮೇಲಿತ್ತಂತೆ, ಇಡಿಯಾಗಿ ಉಳಿದಿತ್ತು. ಹೆಂಟೆಯ ಕೊಯ್ದ ಮೈಯಲ್ಲಿ ಪದರುಗಳು ಕಾಣುತ್ತಿದ್ದವು: ತೆಳ್ಳನೆಯ ಬಿಳಿ ಗೆರೆ, ಅದರ ಮೇಲೆ ಕಂದು ಗೆರೆ, ಮತ್ತೆ ಬಿಳಿ. ಒಂದೊಂದು ಒಂದೊಂದು ಬೇಸಿಗೆ. ತಳದಲ್ಲಿ ಬೇವಿನೆಲೆಯ ಅಚ್ಚು. ತುದಿಯ ಪದರು ದಪ್ಪಗಿತ್ತು. “ಇದು ನಂದು” ಎಂದು ಅಕ್ಕೋರು ಅದರ ಮೇಲೆ ಬೆರಳಿಟ್ಟು ತೋರಿಸಿದ್ದರು. ಒಮ್ಮೆ ಮಾತ್ರ ತೋರಿಸಿದರು.

ಮಾಳಿಗೆಗಳ ಭಾರ ಅಳೆಯಿರಿ ಎಂದು ಅಕ್ಕೋರು ಅರ್ಜಿ ಕೊಟ್ಟರು, ಮತ್ತೆ ಕೊಟ್ಟರು, ಕೊನೆಗೆ ಬಾಗೇವಾಡಿಯ ಕಚೇರಿಯಲ್ಲಿ ಭೇಟಿಗೆ ಕರೆ ಬಂತು. ಮಳೆಗಾಲ ಹತ್ತಿರ ಬಂದಿತ್ತು. ನಾನು ಇಂಡಿಯಿಂದ ಊರಿಗೆ ಹೋಗಿ ಅವರನ್ನು ಕೂಡಿಸಿಕೊಂಡು ಬಂದೆ. ಆ ಪ್ರಯಾಣದ ಭಯಗಳನ್ನೇ ಮೊದಲು ಹೇಳಿದ್ದು.

ಸಾಹೇಬರು ಇದ್ದರು. ತೆಂಕಣದ ಕಡೆಯ ಹುಡುಗ, ಸಣ್ಣ ವಯಸ್ಸು. ಎದ್ದು ನಿಂತು ನಮಸ್ಕಾರ ಮಾಡಿದ, ಚಹಾ ತರಿಸಿದ. ಅಕ್ಕೋರು ಟೇಬಲ್ಲಿನ ಮೇಲೆ ಪೇಪರು ಹಾಸಿ ಹೆಂಟೆಯನ್ನು ಇಟ್ಟರು, ಮುಚ್ಚಳವನ್ನು ಪಕ್ಕಕ್ಕಿಟ್ಟರು. ತಂಗಿಯ ಮಾತನ್ನೂ, ತಾವು ಹಾಕಿಸಿದ ಪದರನ್ನೂ ಪಾಠ ಒಪ್ಪಿಸಿದಂತೆ ಹೇಳಿದರು. ಅಳಲಿಲ್ಲ. ‘ದುಃಖವಿಲ್ಲ’ ಎಂದು ಯಾರೂ ಅನ್ನಲೂ ಇಲ್ಲ.

“ಮೇಡಂ, ಒಂದು ಹೆಂಟೆಯಿಂದ ಏನೂ ಸಾಬೀತಾಗೋದಿಲ್ಲ,” ಅಂದರು ಸಾಹೇಬರು.

“ಹೌದ್ರಿ, ಏನೂ ಆಗೂದಿಲ್ಲ. ಪ್ರಶ್ನಿ ಅಷ್ಟ ಹುಟ್ಟತೈತಿ.”

“ಆದರೆ ಒಂದು ಕಡೆ ಪೂರ್ಣವಿರಾಮ ಹಾಕಲೇಬೇಕಲ್ಲ? ವರದಿ ಮತ್ತೆ ತೆರೆದರೆ ಜನರಿಗೆ ಕೊಡೋ ಮನೆಗಳು ನಿಂತುಹೋಗ್ತವೆ. ಈಗಾಗಲೇ ದಿನಕ್ಕೊಂದು ಸುದ್ದಿ ಹಬ್ಬಿಸ್ತಾರೆ, ಜನ ಮಳೇಲಿ ಹೊರಗೆ ಮಲಗ್ತಾರೆ. ನಾನು ಯಾರನ್ನ ನಂಬಲಿ?”

ಇದು ಸುಳ್ಳು ಮಾತಾಗಿರಲಿಲ್ಲ. ಅಕ್ಕೋರೂ ಹೌದೆಂದು ತಲೆದೂಗಿದರು.

“ಮನಿ ಕೊಡಾಕ ಪೂರ್ಣವಿರಾಮ ಹಾಕ್ರಿ ಸಾಹೇಬ್ರ. ಇವತ್ತ ಹಾಕ್ರಿ. ತಿಳಕೊಳ್ಳಾಕ ಹಾಕಬ್ಯಾಡ್ರಿ. ನನ್ನ ಮಾತ ನಂಬ್ರಿ ಅಂತ ನಾ ಬಂದಿಲ್ಲ. ನಂದೂ ತಪ್ಪಿರಬಹುದು. ಯಾರರೆ ಮಾಳಿಗಿ ಏರಿ ತೂಕ ಮಾಡಿ, ‘ಮುದುಕಿ, ನಿಂದು ತಪ್ಪು’ ಅಂತ ಹೇಳಲಿ. ನಾ ಅವರ ಕಾಲ ಮುಗಿತೇನಿ.”

ಸಾಹೇಬರು ಪೆನ್ನು ತಿರುಗಿಸುತ್ತ ಕೂತರು. ಆಮೇಲೆ, “ವಿಜಯಪುರದಿಂದ ಎಂಜಿನಿಯರ್ ಒಬ್ಬರು ಮಧ್ಯಾಹ್ನ ಬೇರೆ ಕೆಲಸಕ್ಕೆ ಇಲ್ಲಿಗೆ ಬರ್ತಾರೆ. ಇದು ಇಲ್ಲೇ ಇರಲಿ, ಅವರು ನೋಡಲಿ. ಅರ್ಥ ಇದೆ ಅಂತ ಅವರಿಗೆ ಅನ್ನಿಸಿದ್ರೆ, ಉಳಿದ ಮಾಳಿಗೆಗಳ ಪರೀಕ್ಷೆಗೆ ನಾನು ಬರೀತೀನಿ. ಊಟ ಮಾಡಿಕೊಂಡು ಬನ್ನಿ” ಅಂದರು.

ಖಾನಾವಳಿಯಲ್ಲಿ ಅಕ್ಕೋರು ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ ಹಾಕಿಸಿಕೊಂಡರು. ಇನ್ನೊಂದು ರೊಟ್ಟಿ ಕೇಳಿದರು. ತಂಗಿ ಹೋದ ಮೇಲೆ ಅವರು ಎರಡನೆಯ ರೊಟ್ಟಿ ಕೇಳಿದ್ದನ್ನು ನಾನು ನೋಡಿರಲಿಲ್ಲ. “ಹುಡುಗ ಛಲೋ ಅದಾನ” ಎಂದು ಸಾಹೇಬರ ಬಗ್ಗೆ ಅಂದರು. “ಹೆದರ್ತಾನ, ಆದ್ರ ಕೇಳ್ತಾನ. ನಿನ್ನಂಗ.”

ಅವರ ಜೊತೆ ನಾನು ಉಂಡ ಕೊನೆಯ ಊಟ ಅದು. ಅದೇ ವರ್ಷದ ಚಳಿಯಲ್ಲಿ, ಒಂದು ಮುಂಜಾನೆ ನೀರು ಕಾಸಲು ಒಲೆ ಹೊತ್ತಿಸುತ್ತಿದ್ದವರು ಹಾಗೇ ಒರಗಿದರು. ಡಾಕ್ಟರು ಹೃದಯಾಘಾತ ಎಂದು ಬರೆದುಕೊಟ್ಟರು. ಶಾಯಿಯಲ್ಲೇ ಬರೆದಿದ್ದರು, ನಾನು ನೋಡಿದೆ. ಎದುರು ಮನೆಯ ಹೆಂಗಸು ಕದ ತೆಗೆದು ಬಂದು, ಅಕ್ಕೋರ ಕಾಲ ಹತ್ತಿರ ಕೂತಿದ್ದಳು.

ವರದಿ ಅಂತಿಮವಾಗಿಯೇ ಇದೆ. ಮಾಳಿಗೆಗಳೂ ಇವೆ. ಆ ಮಳೆಗಾಲ ದಾಟಿತು, ಯಾವುದೂ ಬೀಳಲಿಲ್ಲ. ಅದರಿಂದ ಏನೂ ಸಾಬೀತಾಗುವುದಿಲ್ಲ. ಈ ಬೇಸಿಗೆಯಲ್ಲಿ ಊರಿಗೆ ಹೋದಾಗ ಅಣ್ಣನ ಮಾಳಿಗೆಯ ಮೇಲೆ ಹೊಸ ಮಣ್ಣು ಇರಲಿಲ್ಲ. ಕೇಳಿದರೆ “ಆಳು ಸಿಗಲಿಲ್ಲ” ಅಂದ. ಹಿತ್ತಲಲ್ಲಿ ಹಳೆಯ ಬಿಳಿ ಮಣ್ಣಿನ ಗುಡ್ಡೆ ನನ್ನ ಎದೆಯೆತ್ತರ ಇತ್ತು. ಉಳಿದ ಓಣಿಗಳ ಮಾಳಿಗೆಗಳು ಹೊಸ ಮಣ್ಣಿನಲ್ಲಿ ಬೆಳ್ಳಗೆ ಹೊಳೆಯುತ್ತಿದ್ದವು. ನನ್ನ ಅಂಗಡಿಯಲ್ಲಿ ಈಗ ಗಿರಾಕಿಯ ಕಣ್ಣಿನ ನಂಬರನ್ನು ಪೆನ್ಸಿಲ್ಲಿನಲ್ಲಿ ಬರೆದಿಡುತ್ತೇನೆ. ಹಾಕಿಕೊಂಡು ಓಡಾಡಿ ಬಂದು ಸರಿ ಇದೆ ಅಂದ ಮೇಲೂ ಶಾಯಿ ಹಾಕಲು ಕೈ ಬರುವುದಿಲ್ಲ. ಜನ ನಗುತ್ತಾರೆ.

ಬಾಗೇವಾಡಿಗೆ ಹೋದ ಆ ದಿನ ಟಾಯರ್ ಪಂಕ್ಚರ್ ಆಗಿರಲಿಲ್ಲ. ಹೆಂಟೆ ದಾರಿಯಲ್ಲಿ ಒಡೆದಿರಲಿಲ್ಲ. ಯಾರೂ ಬೆನ್ನು ಹತ್ತಿರಲಿಲ್ಲ. ಸಾಹೇಬರು ಸಿಟ್ಟಾಗಿರಲಿಲ್ಲ, ಎಂಜಿನಿಯರು ಹೇಳಿದ ಹೊತ್ತಿಗೆ ಸರಿಯಾಗಿ ಬಂದಿದ್ದರು. ನಾವು ಊಟ ಮುಗಿಸಿ ಒಳಗೆ ಹೋದಾಗ ಇಬ್ಬರೂ ಟೇಬಲ್ಲಿನ ಆಚೆ ಈಚೆ ನಿಂತಿದ್ದರು. ಟೇಬಲ್ಲು ಒದ್ದೆಯಾಗಿತ್ತು, ಹೊಳೆಯುತ್ತಿತ್ತು. ಪೇಪರು ಇರಲಿಲ್ಲ. ತಂಗಿಯ ಮಶೀನಿನ ಮುಚ್ಚಳವನ್ನು ಯಾರೋ ಒಳಗೂ ಹೊರಗೂ ಒರೆಸಿ, ಕಿಟಕಿಯ ಕಟ್ಟೆಯ ಮೇಲೆ ನೀಟಾಗಿ ಬೋರಲು ಹಾಕಿದ್ದರು.

ಕಸ ಹೊಡೆಯುವ ಹೆಣ್ಣುಮಗಳು ಬಾಗಿಲಲ್ಲಿ ಬಕೀಟು ಹಿಡಿದು ನಿಂತಿದ್ದಳು. “ಮಣ್ಣ ಬಿದ್ದಿತ್ರಿ ಟೇಬಲ್ ಮ್ಯಾಲೆ,” ಅಂದಳು. “ದೊಡ್ಡ ಸಾಹೇಬ್ರು ಬರ್ತಾರಂತ ತಗದ ಒರಸೇನಿ. ಹೆಂಟಿ ಗಟ್ಟಿತ್ತು, ಒಡದು ಗುಲಾಬಿ ಬುಡಕ್ಕ ಹಾಕಿ ನೀರ ಬಿಟ್ಟೇನ್ರಿ.”

ಎಂಜಿನಿಯರು ಅಕ್ಕೋರ ಕಡೆ ನೋಡಿದರು. “ಇನ್ನೊಂದು ಸ್ಯಾಂಪಲ್ ಸಿಗ್ತದೇನ್ರಿ?”

“ಬಿದ್ದದ್ದು ಹಳ್ಳ ಸೇರೇತ್ರಿ. ನಿಂತ ಮಾಳಿಗಿ ಯಾರ ಕಡಿಯಾಕ ಕೊಡ್ತಾರ?”

ಸಾಹೇಬರು ನಿಜವಾಗಿ ನೊಂದಿದ್ದರು. ನೋಡಲು ಏನೂ ಇಲ್ಲದೆ ಏನಂತ ಬರೆಯಲಿ ಮೇಡಂ, ಎಂದು ಮೆಲ್ಲಗೆ ಕೇಳಿದರು. ನಾನು ಆ ಹೆಣ್ಣುಮಗಳ ಮೇಲೆ ಹಾಯಲು ಬಾಯಿ ತೆಗೆದೆ. ಅಕ್ಕೋರು ನನ್ನ ತೋಳು ಹಿಡಿದರು. ಕಿಟಕಿಯ ಹತ್ತಿರ ಹೋಗಿ ಹೊರಗೆ ಗುಲಾಬಿಯ ಬುಡದಲ್ಲಿ ಬೆಳ್ಳಗೆ ನಿಂತಿದ್ದ ನೀರನ್ನು ನೋಡಿದರು. ಅದು ಇಂಗುವ ತನಕ ನೋಡಿದರು. ಆಮೇಲೆ ಮುಚ್ಚಳ ಎತ್ತಿಕೊಂಡರು.

ಹೆಣ್ಣುಮಗಳ ಮುಖ ಸಪ್ಪಗಾಗಿತ್ತು. “ನಂದೇನರೆ ತಪ್ಪಾತೇನ್ರಿ ಅಮ್ಮಾರ?”

“ಇಲ್ಲ ತಂಗಿ,” ಅಂದರು ಅಕ್ಕೋರು. “ಟೇಬಲ್ ಭಾಳ ಸ್ವಚ್ಛ ಮಾಡೀದಿ.”